ಇಬ್ಬರ ಊಟ

ಹೋದ ತಿಂಗಳು ತಮ್ಮನ ನಿಶ್ಚಿತಾರ್ಥಕ್ಕೆ ಅಂತ ಬೀರುವಿನಿಂದ ಮದುವೆ ರವಿಕೆ ತೆಗೆದೆ. ತೋಳೇ ಒಳಗೆ ಹೋಗ್ಲಿಲ್ಲ! ಮಗಳಿಗಾಗ ನಾಲ್ಕು ತಿಂಗಳು. ಬಸುರಿಯಾಗಿದ್ದಾಗ ಏರಿದ್ದು 17 ಕೆಜಿ, ಇಳಿದಿದ್ದು ಬರೀ 8.

ಸಿಟ್ಟೆಲ್ಲಾ ಅಮ್ಮನ ಮೇಲೆ. "ಇಬ್ಬರ ಊಟ ಮಾಡ್ಬೇಕು ಕಣೆ" ಅಂತ ತುಪ್ಪ ಸುರಿದಿದ್ದೇ ಸುರಿದಿದ್ದು. ಬಸುರಿಗೆ ದಿನಕ್ಕೆ ಹೆಚ್ಚಿಗೆ ಬೇಕಾಗೋದು ಸುಮಾರು 350 ಕ್ಯಾಲೊರಿ. ಅಂದ್ರೆ ಎರಡು ಚಪಾತಿ, ಒಂದು ಬಟ್ಟಲು ಬೇಳೆ, ಅಷ್ಟೇ!

ಅಂಟಿನುಂಡೆ ಡಬ್ಬಿ ದೂರ ತಳ್ಳಿದೆ, ರಾತ್ರಿ ಊಟ ಬಿಟ್ಟೆ. ನಾಲ್ಕನೇ ದಿನ ಮಗೂನ ಎತ್ಕೊಂಡಿದ್ದಾಗಲೇ ತಲೆ ಸುತ್ತಿ ಗೋಡೆ ಹಿಡ್ಕೊಂಡು ಕೂತೆ. ಡಾಕ್ಟರು ಚೆನ್ನಾಗಿ ಬೈದ್ರು. ಹಾಲೂಡಿಸೋ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕಂತೆ, ಬಸುರಿಗಿಂತ ಜಾಸ್ತಿ!

ಅಮ್ಮ ಮಾತ್ರ ಬೈಲಿಲ್ಲ. ಸಬ್ಬಸಿಗೆ ಸೊಪ್ಪಿನ ಪಲ್ಯ ಬಡಿಸ್ತಾ ಮೆಲ್ಲಗೆ ಹೇಳಿದ್ಲು, "ನೀನು ಹೊಟ್ಟೇಲಿದ್ದಾಗ ಮನೆಯವ್ರೆಲ್ಲಾ ಉಂಡ ಮೇಲೆ ನನ್ನ ಊಟ. ಎಷ್ಟೋ ದಿನ ಬರೀ ತಿಳಿಸಾರು ಅನ್ನ. ಹುಟ್ಟಿದಾಗ ನೀನು ಎರಡು ಕೆಜಿನೂ ಇರ್ಲಿಲ್ಲ ಕಣೆ..."

ಆ ತುಪ್ಪ ಯಾಕೆ ಅಂತ ಅವತ್ತು ಗೊತ್ತಾಯ್ತು. ಏನು ಹೇಳ್ಬೇಕೋ ತೋಚಲಿಲ್ಲ.

ಈಗ ಉಂಡೆ ದಿನಕ್ಕೆ ಒಂದೇ. ಮುದ್ದೆ, ಸೊಪ್ಪು, ಬೇಳೆ ಹೊಟ್ಟೆ ತುಂಬಾ. ಸಂಜೆ ಒಂದಿಷ್ಟು ನಡಿಗೆ. ತೂಕ ನಿಧಾನಕ್ಕೆ ಇಳೀಲಿ ಬಿಡಿ, ರವಿಕೆ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿದ್ದಾಯ್ತು :)

ಇನ್ನೊಂದು ವಿಷಯ... ಅಮ್ಮ ಈಗಲೂ ಕೊನೆಗೇ ಉಣ್ಣೋಕೆ ನೋಡ್ತಾಳೆ. ನಾನು ಬಿಡಲ್ಲ, ಅವಳ ತಟ್ಟೆನೂ ಜೊತೆಗೇ ಹಾಕ್ತೀನಿ.