ಮಣೆ, ಮಂಚ ಮತ್ತು ಮಾಡ್ಯುಲರ್: ಒಂದು ಪೀಠೋಪಕರಣ ಮೇಳದ ಅನಿಸಿಕೆಗಳು

ಒಂದು ಜನಸಮುದಾಯದ ಬದುಕಿನಲ್ಲಿ ಪೀಠೋಪಕರಣಗಳಿಗೆ ಎಂಥ ಸ್ಥಾನವಿತ್ತು ಎಂಬುದನ್ನು ಅರಿಯಲು ಆ ಸಮುದಾಯದ ನುಡಿಗಟ್ಟುಗಳನ್ನು ನೋಡಿದರೆ ಸಾಕು. ಅರಸ ಗದ್ದುಗೆ ಏರುತ್ತಾನೆ. ವಧೂವರರು ಹಸೆಮಣೆ ಏರುತ್ತಾರೆ. ಕೂಸನ್ನು ತೊಟ್ಟಿಲಿಗೆ ಹಾಕುತ್ತೇವೆ. ಯೋಗ್ಯರಿಗೆ ಮಣೆ ಹಾಕುತ್ತೇವೆ. ಹುಟ್ಟು, ಮದುವೆ, ಅಧಿಕಾರ, ಗೌರವ ಎಲ್ಲಕ್ಕೂ ಒಂದೊಂದು ಮರದ ವಸ್ತು ಸಾಕ್ಷಿಯಾಗಿದೆ. ಆ ವಸ್ತುಗಳಲ್ಲಿ ಹಲವು ಇಂದು ನಮ್ಮ ಮನೆಗಳಲ್ಲಿಲ್ಲ, ನುಡಿಗಟ್ಟುಗಳಲ್ಲಿ ಮಾತ್ರ ಉಳಿದಿವೆ.

ಈ ವಿಚಾರ ನನ್ನಲ್ಲಿ ಬಲಗೊಂಡದ್ದು 2024ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ ನಡೆದ ‘ಇಂಡಿಯಾವುಡ್’ ಅಂತರರಾಷ್ಟ್ರೀಯ ಮೇಳವನ್ನು ನೋಡಿದಾಗ. ಎರಡು ವರ್ಷಕ್ಕೊಮ್ಮೆ ನಡೆಯುವ ಈ ಮೇಳ ತುಮಕೂರು ರಸ್ತೆಯ ಮಾದಾವರದ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರದಲ್ಲಿ ಆ ತಿಂಗಳ 22ರಿಂದ 26ರವರೆಗೆ ಏರ್ಪಟ್ಟಿತ್ತು. ಮೆಟ್ರೊ ಆಗಿನ್ನೂ ನಾಗಸಂದ್ರದವರೆಗೆ ಮಾತ್ರ ಇದ್ದಿತು. ಮುಂದಿನದು ಆಟೊ ಪಯಣ. ಶಾಸನ, ಬಸದಿ, ಓಲೆಗರಿಗಳ ನಡುವೆ ಕಾಲ ಕಳೆಯುವವನಿಗೆ ಅಲ್ಲೇನು ಕೆಲಸವೆಂದು ಸ್ನೇಹಿತರು ಕೇಳಿದ್ದುಂಟು. ಹಳೆಯ ಕಾವ್ಯಗಳಲ್ಲಿ ಬರುವ ಆಸನ, ಶಯನಗಳ ಹೆಸರುಗಳಿಗೆ ನಿಘಂಟುಗಳು ‘ಒಂದು ಬಗೆಯ ಪೀಠ’ ಎಂದಷ್ಟೇ ಅರ್ಥ ಹೇಳಿ ಸುಮ್ಮನಾಗುವುದನ್ನು ಕಂಡು ಬೇಸತ್ತವನಿಗೆ, ಪೀಠಗಳು ಹುಟ್ಟುವ ಬಗೆಯನ್ನು ಕಣ್ಣಾರೆ ಕಾಣಬೇಕೆಂಬ ಆಸೆಯಿದ್ದಿತು.

ಮೇಳದಲ್ಲಿ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಒಂದು ತಿರುಗಣಿ ಯಂತ್ರ. ಅಡ್ಡಲಾಗಿ ಬಿಗಿದ ಮರದ ದಿಮ್ಮಿ ಗಿರ್ರನೆ ತಿರುಗುತ್ತಿದೆ. ಕಂಪ್ಯೂಟರಿನ ಆಜ್ಞೆಯಂತೆ ಉಕ್ಕಿನ ಅಲಗು ಅದರ ಮೈಮೇಲೆ ಸಾಗುತ್ತಿದೆ. ನೋಡುತ್ತಿದ್ದಂತೆಯೇ ಬಳೆ, ಗಂಟೆ, ತಟ್ಟೆಗಳ ಆಕಾರಗಳು ಒಂದರ ಕೆಳಗೊಂದು ಮೂಡುತ್ತಿವೆ. ಸುತ್ತ ನಿಂತವರಿಗೆ ಅದು ಮಂಚದ ಕಾಲು. ನನಗೆ ಅದು ಲಕ್ಕುಂಡಿಯ ಕಂಬ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವಿರುವ ಆ ಊರಿನ ಗುಡಿಗಳಲ್ಲಿ, ಗದುಗಿನ ತ್ರಿಕೂಟೇಶ್ವರ ಗುಡಿಯಲ್ಲಿ ಇಂಥ ಕಡೆದ ಕಂಬಗಳನ್ನು ಕಾಣದವರಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಮೆದುವಾದ ಬಳಪದ ಕಲ್ಲನ್ನು ಆಯ್ದುಕೊಂಡದ್ದರಿಂದಲೇ ಮರಗೆಲಸದ ತಿರುಗಣಿಯ ನಯ ಕಲ್ಲಿಗೆ ಇಳಿಯಿತು. ಗುಡಿಗಳ ಆ ಬೆಡಗನ್ನು ಶಿಲ್ಪದ ಮಾತಿನಲ್ಲಿ ಮಾತ್ರ ವಿವರಿಸುವ ನಾವು, ಅದರ ಬೇರು ಬಡಗಿಯ ಕೊಟ್ಟಿಗೆಯಲ್ಲಿದೆ ಎಂಬುದನ್ನು ಮರೆಯುತ್ತೇವೆ.

ಇಲ್ಲಿ ‘ಕಡೆ’ ಎಂಬ ಧಾತುವನ್ನು ಗಮನಿಸಬೇಕು. ಮೊಸರನ್ನೂ ಕಡೆಯುತ್ತೇವೆ, ಕಂಬವನ್ನೂ ಕಡೆಯುತ್ತೇವೆ. ಹಗ್ಗ ಸುತ್ತಿ ಹಿಂದಕ್ಕೆ ಮುಂದಕ್ಕೆ ಎಳೆದು ತಿರುಗಿಸುವ ಕೈಯ ಚಲನೆ ಎರಡೂ ಕಡೆ ಇದೆ. ಮೇಳದ ಯಂತ್ರ ಒಂದೇ ದಿಕ್ಕಿಗೆ ತಿರುಗುತ್ತದೆ, ಅದಕ್ಕೆ ಹಗ್ಗವೂ ಬೇಡ, ಕೈಯೂ ಬೇಡ. ಆದರೂ ಅದು ಮಾಡುತ್ತಿರುವುದನ್ನು ಹೇಳಲು ನಮ್ಮಲ್ಲಿ ಇರುವುದು ಆ ಹಳೆಯ ಧಾತುವೇ.

ಮರದ ಮೇಳವೆಂದು ಹೋದವನಿಗೆ ಅಚ್ಚಮರ ಕಂಡದ್ದು ಕಡಿಮೆ. ಎಲ್ಲೆಲ್ಲೂ ಹಲಗೆಗಳು: ಮರವನ್ನು ನಾರಾಗಿ, ಚೂರಾಗಿ ಮಾಡಿ, ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆಗಳು. ಅವುಗಳ ಮೇಲೆ ತೇಗದ, ಬೀಟೆಯ ಗೆರೆಗಳನ್ನು ಅಚ್ಚುಹಾಕಿದ ಹಾಳೆ. ಇದನ್ನು ಬರಿಯ ಮೋಸವೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಮ್ಮ ಗದಗ, ಮುಂಡರಗಿಗಳ ಎರೆಭೂಮಿಯಲ್ಲಿ ದೊಡ್ಡ ಮರ ಎಂದೂ ಸುಲಭವಾಗಿ ಸಿಕ್ಕಿದ್ದಲ್ಲ. ಹಳೆಯ ಮನೆ ಕೆಡವಿದರೆ ಅದರ ತೊಲೆ, ಜಂತಿ, ಬಾಗಿಲ ಚೌಕಟ್ಟುಗಳು ಮತ್ತೊಂದು ಮನೆಗೆ ಹೋಗುತ್ತಿದ್ದವು. ಮಿತವಾದ ಮರದಲ್ಲಿ ಬದುಕಿದ ಸೀಮೆಯವನು, ಬೆಳೆಸಿದ ನೀಲಗಿರಿ, ಸುಬಾಬುಲ್‌ಗಳಿಂದ ಹಲಗೆ ಮಾಡಿ ಕಾಡನ್ನು ಉಳಿಸುವ ವಿದ್ಯೆಯನ್ನು ಹಳಿಯಲಾರ. ಆದರೆ ಒಂದು ಭೇದವನ್ನು ಮರೆಯಲಾಗದು. ಆ ಹಳೆಯ ಚೌಕಟ್ಟು ಮೂರು ತಲೆಮಾರು ಕಂಡು, ಮನೆ ಬದಲಿಸಿದರೂ ಚೌಕಟ್ಟಾಗಿಯೇ ಉಳಿಯುತ್ತಿತ್ತು. ಈ ಹಲಗೆ ನೀರು ಕುಡಿದರೆ ಉಬ್ಬುತ್ತದೆ. ಒಮ್ಮೆ ಉಬ್ಬಿದ್ದನ್ನು ಯಾವ ಬಡಗಿಯೂ ಸರಿಪಡಿಸಲಾರ.

ಮಧ್ಯಾಹ್ನ ಚಹಾದ ಅಂಗಡಿಯ ಬಳಿ ನಮ್ಮ ಸೀಮೆಯ ಮಾತು ಕಿವಿಗೆ ಬಿದ್ದಿತು. ಶಿರಹಟ್ಟಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ, ಈಗ ಗದುಗಿನಲ್ಲಿ ಸಣ್ಣ ಕಾರ್ಖಾನೆ ಇಟ್ಟುಕೊಂಡಿರುವ ಬಡಗಿಯೊಬ್ಬರು ಮಗನೊಡನೆ ಬಂದಿದ್ದರು. ಹಲಗೆಯ ಅಂಚಿಗೆ ಪಟ್ಟಿ ಅಂಟಿಸುವ ಯಂತ್ರದ ಬೆಲೆ ವಿಚಾರಿಸಲು ಬಂದದ್ದು. ನಾನು ಅವರ ತಂದೆಯ ಕಾಲದ ಕೆಲಸದ ಬಗ್ಗೆ ಕೇಳಿದೆ.

“ನಮ್ಮಪ್ಪ ಒಂದು ಬಾಗಲಕ್ಕ ತಿಂಗಳಗಟ್ಟಲೆ ಕುಂತ್ರೂ ಯಾರೂ ಅವಸರ ಮಾಡ್ತಿರಲಿಲ್ರಿ ಸರ. ಈಗಿನ ಮಂದಿ ಎಂಟ ದಿನದಾಗ ಅಡಗಿಮನಿ ಪೂರಾ ಆಗ್ಬೇಕಂತಾರ,” ಎಂದರು.

“ನಿಮ್ಮ ಮಗನಿಗೆ ಉಳಿ ಹಿಡಿಯಲು ಬರುತ್ತದೆಯೇ?”

“ಇಲ್ರಿ. ಆದ್ರ ಕಂಪ್ಯೂಟರ್ ಬರ್ತೈತಿ. ಇನ್ನ ಮುಂದ ಅದ ಅವನ ಉಳಿ.”

ಆ ಮಾತಿನಲ್ಲಿ ಕೊರಗಿರಲಿಲ್ಲ. ಅವರ ತಂದೆ ಊರಿನ ಆಯಗಾರರು. ಕೂರಿಗೆ, ಕುಂಟೆ ಸರಿಮಾಡಿಕೊಟ್ಟು ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದವರು. ಮಳೆ ಹೋದ ವರ್ಷ ಆಯವೂ ಹೋಗುತ್ತಿತ್ತು. ಹಳೆಯದರ ಸೊಬಗನ್ನು ಹೊಗಳುವ ನಾವು, ಆ ಸೊಬಗನ್ನು ಮಾಡಿದವನು ಏನು ಉಂಡನೆಂದು ಕೇಳುವುದಿಲ್ಲ. ಯಂತ್ರ ಕೊಳ್ಳಲು ಬಂದ ಆ ತಂದೆಯನ್ನು ಕಂಡ ಮೇಲೆ, ಮರಗೆಲಸದ ಅವನತಿಯ ಬಗ್ಗೆ ನಾನು ಸಿದ್ಧಮಾಡಿಕೊಂಡಿದ್ದ ವಾಕ್ಯಗಳು ಬಾಯಿಗೆ ಬರಲಿಲ್ಲ.

ಆದರೆ ಅವರ ಮಾತಿನ ಪದಗಳನ್ನು ಗುರುತಿಸಿಕೊಂಡೆ: ಬಾಚಿ, ಉಳಿ, ಕೊಡತಿ, ರಂದಾ, ಗಿರಮಿಟ್. ಇವುಗಳಲ್ಲಿ ರಂದಾ ಪಾರಸಿಯದು. ಗಿರಮಿಟ್ ಇಂಗ್ಲಿಷಿನ ‘ಗಿಮ್ಲೆಟ್’ ನಮ್ಮ ಬಾಯಲ್ಲಿ ತಿರುಗಿದ್ದು. ಕುರ್ಚಿ ಅರಬ್ಬಿಯಿಂದ ಬಂದಿತು, ಅಲಮಾರಿ ಪೋರ್ಚುಗೀಸಿನಿಂದ. ಅನ್ಯದೇಶ್ಯ ಪದಗಳು ಬಂದದ್ದು ಎಂದೂ ಕುಂದಾಗಲಿಲ್ಲ, ಏಕೆಂದರೆ ಆ ಪದದೊಡನೆ ಹತಾರವೂ ಕೈಗೆ ಬಂದಿತು, ಕೈ ಅದನ್ನು ಪಳಗಿಸಿತು. ಅದೇ ಬಡಗಿಯ ಮಗನ ಬಾಯಲ್ಲಿದ್ದ ಪದಗಳು ಬೇರೆ: ಮಾಡ್ಯುಲರ್, ಹಿಂಜ್, ಚಾನೆಲ್, ಲ್ಯಾಮಿನೇಟ್. ಇವು ಸಿದ್ಧವಸ್ತುಗಳ ಹೆಸರುಗಳು. ಮಾಡುವ ಕ್ರಿಯೆಯ ಹೆಸರುಗಳಲ್ಲ. ನಾಮಪದಗಳು ಹೆಚ್ಚುತ್ತಿವೆ, ಕೆತ್ತು, ಕೊರೆ, ಕಡೆ, ಕೀಸು ಎಂಬ ಕ್ರಿಯಾಪದಗಳು ಕರಗುತ್ತಿವೆ.

ಇನ್ನೊಂದು ಮಳಿಗೆಯಲ್ಲಿ ಡ್ರಾಯರುಗಳನ್ನು ತೋರಿಸುತ್ತಿದ್ದರು. ಎಷ್ಟೇ ಜೋರಾಗಿ ತಳ್ಳಿದರೂ ಅದು ಕೊನೆಯ ನಾಲ್ಕು ಬೆರಳಿನಷ್ಟು ದಾರಿಯಲ್ಲಿ ತಾನೇ ನಿಧಾನಿಸಿ, ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಜೈನ ಆಚಾರಶಾಸ್ತ್ರದಲ್ಲಿ ಮುನಿಗಳಿಗೆ ಹೇಳಿರುವ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿ ಒಂದು: ಯಾವ ವಸ್ತುವನ್ನಾದರೂ ಎತ್ತುವಾಗ, ಇಡುವಾಗ ಜೀವಕ್ಕೆ ನೋವಾಗದಂತೆ ಎಚ್ಚರ ವಹಿಸುವುದು. ಆ ಎಚ್ಚರ ಕೈಯಲ್ಲಿರಬೇಕೆಂದು ಹಿಂದಿನವರು ಬಯಸಿದರು. ಇಲ್ಲಿ ಅದನ್ನು ಹಳಿಯೊಳಗೆ ಅಡಗಿಸಿದ್ದಾರೆ. ಜಾಣ್ಮೆ ದೊಡ್ಡದೇ. ಆದರೆ ಎಚ್ಚರವನ್ನು ವಸ್ತುವಿಗೆ ಒಪ್ಪಿಸಿದ ಕೈ ಏನು ಕಲಿಯುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ.

ನಮ್ಮ ಪರಂಪರೆಯಲ್ಲಿ ಪೀಠೋಪಕರಣದ ಬಗ್ಗೆ ಎರಡು ತುದಿಗಳಿವೆ. ಒಂದು, ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. ಅಲ್ಲಿ ಅರಸನ ಇಪ್ಪತ್ತು ಉಪಭೋಗಗಳಲ್ಲಿ ಆಸನಕ್ಕೂ ಶಯ್ಯೆಗೂ ಬೇರೆ ಬೇರೆ ಅಧ್ಯಾಯಗಳಿವೆ. ಇನ್ನೊಂದು, ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಒಂದಾದ ಭೂಶಯನ. ಇವೆರಡರ ನಡುವೆ ನನಗೆ ಪ್ರಿಯವಾದದ್ದು ಠವಣೆಕೋಲು. ನಿಸಿಧಿಗಲ್ಲುಗಳಲ್ಲಿ ಗುರುಶಿಷ್ಯರ ನಡುವೆ ಕೆತ್ತಿರುವ, ಕೋಲುಗಳನ್ನು ಕೂಡಿಸಿ ಮಾಡಿದ ಗ್ರಂಥಾಧಾರವದು. ಓಲೆಕಟ್ಟಿಗಾಗಿ ಹುಟ್ಟಿದ ಆ ಸಾಧನದಲ್ಲಿ ಬೇಡದ ಒಂದು ಕಡ್ಡಿಯೂ ಇಲ್ಲ. ಕಡಿಮೆ ಮರ, ಕಡಿಮೆ ಜಾಗ ಎಂದು ಮೇಳದ ವಿನ್ಯಾಸಕಾರರು ಹೇಳುತ್ತಿದ್ದ ಗುಣಗಳೆಲ್ಲ ಅದರಲ್ಲಿವೆ. ಮೇಳದಲ್ಲಿ ಓದುಪೀಠಗಳನ್ನು ಹುಡುಕಿದೆ. ಲ್ಯಾಪ್‌ಟಾಪ್ ಇಡುವ ಮೇಜುಗಳು ಸಿಕ್ಕವು.

ಸಂಶೋಧನ ವಿದ್ಯಾರ್ಥಿಗಳಲ್ಲಿ ನನ್ನದೊಂದು ಅರಿಕೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಬಾಚಿ ಹಿಡಿದು ಬದುಕಿದ ಹಿರಿಯರು ಇನ್ನೂ ಇದ್ದಾರೆ. ಬಾಗಿಲಿನ ಪ್ರತಿಯೊಂದು ಅಂಗಕ್ಕೆ, ಪ್ರತಿಯೊಂದು ಕಚ್ಚಿಗೆ, ಕೂರಿಗೆಯ ಪ್ರತಿಯೊಂದು ತುಂಡಿಗೆ ಅವರಲ್ಲಿ ಹೆಸರಿದೆ. ಆ ಹೆಸರುಗಳನ್ನು ಚಿತ್ರದೊಡನೆ, ಅಳತೆಯೊಡನೆ, ಹೇಳಿದವರ ಉಚ್ಚಾರಣೆಯಲ್ಲೇ ಬರೆದುಕೊಳ್ಳಿ. ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಡುವ ನಾಡಿನಲ್ಲಿ ತಿರುಳು ಕಾವ್ಯಗಳಲ್ಲಿ ಮಾತ್ರವಿಲ್ಲ, ಕೊಟ್ಟಿಗೆಗಳಲ್ಲೂ ಇದೆ. ಹೊಸ ಯಂತ್ರಗಳು ಬರಲಿ, ಆ ಹುಡುಗನ ಕಾರ್ಖಾನೆ ಬೆಳೆಯಲಿ. ಆದರೆ ಅವನ ಅಜ್ಜನ ಪದಗಳು ಬರಹಕ್ಕೆ ಬರುವ ಮೊದಲೇ ಹೋಗಿಬಿಟ್ಟರೆ, ನಾಳಿನ ನಿಘಂಟುಕಾರ ಮಣೆಗೂ ಮಂಚಕ್ಕೂ ‘ಒಂದು ಬಗೆಯ ಪೀಠ’ ಎಂದು ಬರೆಯುವುದನ್ನು ಯಾರೂ ತಪ್ಪಿಸಲಾರರು.