ತಲೆಯ ಮೇಲೆ ಎತ್ತುವ ಮುನ್ನ

ವಯನಾಡಿನ ನಮ್ಮ ಜೈನ ಮನೆಗಳಲ್ಲಿ ವ್ಯಾಯಾಮ ಎಂಬ ಮಾತು ಹಿಂದೆ ಹೆಚ್ಚಾಗಿ ಕೇಳಿಬರುತ್ತಿರಲಿಲ್ಲ. ತೋಟಕ್ಕೆ ನಡೆದೇ ಹೋಗಬೇಕು, ಬಾವಿಯಿಂದ ನೀರು ಸೇದಬೇಕು, ಕಾಫಿ ಮೆಣಸಿನ ಚೀಲ ಅಟ್ಟಕ್ಕೆ ಏರಿಸಬೇಕು. ಬೇರೆ ವ್ಯಾಯಾಮ ಯಾಕೆ? ಈಗ ಕಲ್ಪೆಟ್ಟ, ಸುಲ್ತಾನ್ ಬತ್ತೇರಿ, ಮಾನಂದವಾಡಿಗಳಲ್ಲಿ ಗಲ್ಲದ ಮುಂದೆ ಕುಳಿತ ನಮ್ಮವರ ಕೈಗೆ ಭಾರವೆಂದರೆ ಮೊಬೈಲ್ ಫೋನ್ ಒಂದೇ. ಮೂಟೆ ಇಳಿಸಿ ಏರಿಸಲು 1978ರ ಕೇರಳ ತಲೆಹೊರೆ ಕಾರ್ಮಿಕರ ಕಾಯ್ದೆಯಂತೆ ನೋಂದಾಯಿಸಿದ ಕಾರ್ಮಿಕರಿದ್ದಾರೆ. ನಮ್ಮ ಕೈ ಭುಜಕ್ಕಿಂತ ಮೇಲೆ ಹೋಗುವುದು ಅಂಗಿ ತೊಡುವಾಗ ಮಾತ್ರ.

ನನ್ನ ಅಣ್ಣನವರಿಗೆ ಅರುವತ್ತರ ಹತ್ತಿರ ಬಲಭುಜ ಬಿಗಿದುಕೊಂಡಿತು. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು ಎಂದರು ಡಾಕ್ಟರು. ತಲೆ ಬಾಚಲು ಆಗದಿದ್ದುದನ್ನು ಅಣ್ಣ ನಗುತ್ತಲೇ ಸಹಿಸಿದರು. ಆದರೆ ಬಸದಿಯಲ್ಲಿ ಅಭಿಷೇಕದ ದಿನ ಕಲಶ ಎತ್ತಲಾರದೆ, ಎಡಗೈಯಿಂದ ಬಲಮೊಣಕೈಗೆ ಆಸರೆ ಕೊಟ್ಟು ನಿಂತಾಗ ಅವರ ಕಣ್ಣು ತುಂಬಿತ್ತು. ಮಗ ಬಂದು ಕೈ ಹಿಡಿದ. ನನಗೂ ಸಕ್ಕರೆ ಇದೆ. ಐವತ್ತೆರಡನೆಯ ವಯಸ್ಸಿನಲ್ಲಿ, ರಕ್ತದೊತ್ತಡ ಪರೀಕ್ಷೆ ಮಾಡಿಸಿ, ಡಾಕ್ಟರ ಒಪ್ಪಿಗೆ ಪಡೆದು, ನಾನು ಜಿಮ್ಮಿನ ಮೆಟ್ಟಿಲು ಹತ್ತಿದ್ದು ಆ ಮೇಲೆ.

ಅಲ್ಲಿ ಎಲ್ಲರ ಕಣ್ಣೂ ಹೋಗುವುದು ಕುಳಿತು ಎರಡು ಹಿಡಿಗಳನ್ನು ತಲೆಯ ಮೇಲಕ್ಕೆ ದೂಡುವ ಯಂತ್ರದ ಮೇಲೆ. 'ಶೋಲ್ಡರ್ ಪ್ರೆಸ್' ಎನ್ನುತ್ತಾರೆ. ನೋಡಲು ಸುಲಭ. ಆದರೆ ಭುಜದ ಕೀಲು ಸೊಂಟದ ಕೀಲಿನಂತಲ್ಲ. ಸೊಂಟದ ಗುಂಡು ಆಳವಾದ ಬಟ್ಟಲಲ್ಲಿ ಕೂತಿದೆ. ಭುಜದ್ದು ಒಂದು ಚಪ್ಪಟೆ ತಟ್ಟೆಗೆ ಒರಗಿದೆ. ಅದಕ್ಕೇ ಕೈ ಎಲ್ಲ ಕಡೆಗೂ ತಿರುಗುತ್ತದೆ, ಅದಕ್ಕೇ ಬೇಗ ಕೆಡುತ್ತದೆ. ಅದನ್ನು ಜಾಗದಲ್ಲಿ ಹಿಡಿದಿಡುವುದು ನಾಲ್ಕು ಸಣ್ಣ ಸ್ನಾಯುಗಳು. ಅವುಗಳಲ್ಲೊಂದರ ಸ್ನಾಯುರಜ್ಜು ಭುಜದ ಮೇಲಿನ ಮೂಳೆಯ ಅಡಿಯಲ್ಲಿ, ಇಕ್ಕಟ್ಟಿನ ದಾರಿಯಲ್ಲಿ ಹಾದುಹೋಗುತ್ತದೆ. ಭಾರ ಹೆಚ್ಚಿ, ಕ್ರಮ ತಪ್ಪಿದರೆ ನೋವು ಶುರುವಾಗುವುದು ಹೆಚ್ಚಾಗಿ ಅಲ್ಲೇ.

ನಿಂತು ಭಾರವನ್ನು ತಲೆಯ ಮೇಲೆ ಒತ್ತುವ ಪಂದ್ಯ ಒಂದು ಕಾಲದಲ್ಲಿ ಒಲಿಂಪಿಕ್ಸಿನಲ್ಲೇ ಇತ್ತು. ಸ್ಪರ್ಧಿಗಳು ಭಾರ ಹೆಚ್ಚಿಸುವ ಆಸೆಯಿಂದ ಬೆನ್ನನ್ನು ಹಿಂದಕ್ಕೆ ಬಾಗಿಸತೊಡಗಿದರು, ತೀರ್ಪು ಕೊಡುವುದೇ ಕಷ್ಟವಾಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್ ನಂತರ ಅದನ್ನು ಕೈಬಿಟ್ಟರು. ಯಂತ್ರದಲ್ಲಿ ಬೆನ್ನಿಗೆ ಒರಗು ಇದೆ, ಭಾರ ತಲೆಯ ಮೇಲೆ ಬೀಳುವ ಭಯ ಕಡಿಮೆ. ಆದರೂ ಆಸೆಗೆ ಒರಗು ಇಲ್ಲವಲ್ಲ!

ನಾನು ಕಲಿತು ಪಾಲಿಸುತ್ತಿರುವುದನ್ನು ಹೇಳುತ್ತೇನೆ. ಮೊದಲು ಆಸನದ ಎತ್ತರ. ಹಿಡಿಗಳು ಭುಜದ ಮಟ್ಟದಲ್ಲೋ ತುಸು ಮೇಲೋ ಇರಬೇಕು. ಭುಜಕ್ಕಿಂತ ಕೆಳಗಿದ್ದರೆ ಆರಂಭದಲ್ಲೇ ಕೀಲಿಗೆ ಎಳೆತ. ಎರಡನೆಯದು ಭಾರದ ಫಲಕಗಳ ನಡುವಿನ ಪಿನ್ನು. ಅದು ಪೂರ್ತಿ ಒಳಗೆ ಹೋಗಿದೆಯೇ ಎಂದು ಕೈಯಿಂದಲೇ ಒತ್ತಿ ನೋಡಬೇಕು. ಒಂದು ಯಂತ್ರದ ಇಪ್ಪತ್ತು ಕಿಲೋ ಇನ್ನೊಂದರ ಇಪ್ಪತ್ತು ಕಿಲೋ ಆಗಬೇಕೆಂದಿಲ್ಲ. ರಾಟೆ, ಸನ್ನೆಗಳ ಜೋಡಣೆ ಬೇರೆಬೇರೆ. ಹೊಸ ಯಂತ್ರವೆಂದರೆ ಹೊಸ ತಕ್ಕಡಿ ಎಂದೇ ತಿಳಿಯಬೇಕು.

ಪಾದ ನೆಲಕ್ಕೆ, ಬೆನ್ನು ಒರಗಿಗೆ ತಾಗಿರಲಿ. ಮೊಣಕೈಗಳು ಪಕ್ಕಕ್ಕೆ ಪೂರ್ತಿ ಚಾಚದೆ ತುಸು ಮುಂದಕ್ಕಿರಲಿ. ಅಂಗೈಗಳು ಎದುರುಬದುರಾಗುವ ಹಿಡಿ ಇದ್ದರೆ ಹಲವರ ಭುಜಕ್ಕೆ ಅದು ಹಿತ. ಉಸಿರು ಬಿಡುತ್ತಾ ಮೇಲಕ್ಕೆ, ಎಳೆದುಕೊಳ್ಳುತ್ತಾ ನಿಧಾನವಾಗಿ ಕೆಳಕ್ಕೆ. ಉಸಿರು ಕಟ್ಟಿ ಎತ್ತಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಮೇಲೆ ಮೊಣಕೈಯನ್ನು ಝಾಡಿಸಿ ಬಿಗಿಯಬಾರದು, ಕೆಳಗೆ ಫಲಕಗಳು ಢಣ್ ಎನ್ನಬಾರದು. ಹನ್ನೆರಡು ಸಲ ಎತ್ತುವಷ್ಟು ಭಾರ, ಎರಡು ಸುತ್ತು, ವಾರಕ್ಕೆ ಎರಡು ದಿನ ನನಗೆ ಸಾಕು. ಸೊಂಟ ಒರಗಿನಿಂದ ಎದ್ದು ಬಿಲ್ಲಾಯಿತೆಂದರೆ ಭಾರ ಇಳಿಸುತ್ತೇನೆ. ಸಾಲ ಕೊಡುವಾಗ ತೀರಿಸುವ ಶಕ್ತಿ ನೋಡುವ ನಾವು ಭುಜದ ವಿಷಯದಲ್ಲೂ ಅಷ್ಟೇ ನೋಡಬೇಡವೇ?

ಸ್ನಾಯು ದಣಿದ ನೋವು ಬೇರೆ, ಭುಜದ ತುದಿಯಲ್ಲಿ ಚುಚ್ಚುವ ನೋವು ಬೇರೆ. ಚುಚ್ಚಿದರೆ, ಕೈ ಜೋಮು ಹಿಡಿದರೆ, ರಾತ್ರಿ ಆ ಮಗ್ಗುಲಲ್ಲಿ ಮಲಗಲಾಗದಿದ್ದರೆ ಯಂತ್ರ ಬಿಟ್ಟು ಡಾಕ್ಟರ ಬಳಿ ಹೋಗಬೇಕು. ಎದೆ ಬಿಗಿದು ನೋವು ಕೈಗಿಳಿದರೆ ತಡಮಾಡದೆ ಆಸ್ಪತ್ರೆಗೆ. ಅಣ್ಣನವರಂತೆ ಭುಜ ಆಗಲೇ ಬಿಗಿದವರಿಗೆ ಈ ಯಂತ್ರ ಮದ್ದಲ್ಲ. ಅವರಿಗೆ ಹೇಳಿಕೊಟ್ಟ ಚಲನೆಗಳೇ ಬೇರೆ.

ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಯವರು ರಾತ್ರಿ ಎಂಟಕ್ಕೆ ಜಿಮ್ಮಿಗೆ ಹೋದರೆ ದಣಿದ ಮೈಗೆ ಬೆಳಗಿನವರೆಗೆ ಆಹಾರವಿಲ್ಲ. ಅಂಗಡಿ ತೆರೆಯುವ ಮುನ್ನ ಹೋಗುವುದು ವಾಸಿ. ಅಷ್ಟಮಿ, ಚತುರ್ದಶಿಯ ಉಪವಾಸದಂದು ಭಾರ ಬೇಡ. ಮಾತ್ರೆ ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಸಕ್ಕರೆ ಕುಸಿಯುವ ಅಪಾಯವಿದೆ. ಮೊಟ್ಟೆ ಮಾಂಸವಿಲ್ಲದೆ ಮೈ ಕಟ್ಟಲಾಗದೆಂದು ಹುಡುಗರು ಹೇಳಿದರೆ ನಂಬಬೇಡಿ. ಹೆಸರು, ಕಡಲೆ, ಹಾಲು, ಮೊಸರು ನಮ್ಮ ಅಡುಗೆಮನೆಯಲ್ಲೇ ಇವೆ.

ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಹೆಸರಾದ ಕೆ. ವಿ. ಅಯ್ಯರ್ ಅವರೇ ಜೈನ ರಾಣಿ ಶಾಂತಲೆಯ ಬಗ್ಗೆ 'ಶಾಂತಲಾ' ಕಾದಂಬರಿ ಬರೆದವರು. ಮೈ ಬೆಳೆಸುವುದಕ್ಕೂ ಮನಸ್ಸು ಬೆಳೆಸುವುದಕ್ಕೂ ಜಗಳವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಮನೆಯ ತರುಣರು ಜಿಮ್ಮಿಗೆ ಹೊರಟರೆ ತಡೆಯಬೇಡಿ. ಆಸನದ ಎತ್ತರ ಸರಿಮಾಡಿಕೊಂಡೆಯಾ ಎಂದು ಒಂದು ಮಾತು ಕೇಳಿ, ಸಾಕು.