52ನೇ ವಯಸ್ಸಿಗೆ ಬೆಳೆ ಬದಲಿಸಿದ ಗಿಟಾರಿನವನು

ಈ ಸಲ ರಾಗಿ, ತೆಂಗು, ಮಳೆ ಯಾವುದರ ವಿಚಾರವೂ ಅಲ್ಲ. ಒಂದು ಇಂಗ್ಲಿಷ್ ಹಾಡಿನ ಆಲ್ಬಮ್ ವಿಚಾರ. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈರಿ.

ಆಲ್ಬಮ್ ಹೆಸರು 'ಶ್ಯಾಡೋ ಆಫ್ ದ ಮೂನ್', 1997ರಲ್ಲಿ ಬಂದದ್ದು. ತಂಡದ ಹೆಸರು 'ಬ್ಲ್ಯಾಕ್‌ಮೋರ್ಸ್ ನೈಟ್'. ಬೆಂಗಳೂರಲ್ಲಿರೋ ನಮ್ಮಣ್ಣನ ಮಗ ಹಬ್ಬಕ್ಕೆ ಬಂದಾಗ ನನ್ನ ಫೋನಿಗೆ ಹಾಕಿಕೊಟ್ಟ. ಅವನ ಜೊತೆ ಇಬ್ಬರು ಸ್ನೇಹಿತರೂ ಬಂದಿದ್ರು. ಎಳನೀರು ಕುಡೀತಾ ಕೂತವರು ಈ ಒಂದು ಆಲ್ಬಮ್ ಮೇಲೆ ಒಂದು ಗಂಟೆ ಜಗಳ ಆಡಿದ್ರು. ಒಬ್ಬ "ಹುಲಿ ಹುಲ್ಲು ತಿಂದಂಗಾಯ್ತು" ಅಂತಾನೆ. ಇನ್ನೊಬ್ಬ "ಇದನ್ನ ಕೇಳಿದ ಮೇಲೇನೆ ನನಗೆ ಸಂಗೀತ ಅಂದ್ರೆ ಏನು ಅಂತ ಗೊತ್ತಾಗಿದ್ದು" ಅಂತಾನೆ. ಅಂಥದ್ದೇನಪ್ಪ ಇದರಲ್ಲಿ ಅಂತ ನನಗೆ ಕುತೂಹಲ. ತ್ರೀ ಫೇಸ್ ಕರೆಂಟಿಗೆ ಕಾಯ್ತಾ ಮೋಟಾರ್ ಮನೇಲಿ ಕೂರೋ ರಾತ್ರಿಗಳು ನಮಗೆ ಬೇಕಾದಷ್ಟಿವೆ. ಒಂದು ತಿಂಗಳು ಅದನ್ನೇ ಕೇಳಿದೆ. ಜಗಳದ ಬುಡ ಏನು ಅಂತ ಹುಡುಗನ್ನ ಫೋನಲ್ಲಿ ಕೇಳಿ ಕೇಳಿ ತಿಳ್ಕೊಂಡೆ.

ಇದರ ಯಜಮಾನ ರಿಚಿ ಬ್ಲ್ಯಾಕ್‌ಮೋರ್. 1945ರಲ್ಲಿ ಇಂಗ್ಲೆಂಡಲ್ಲಿ ಹುಟ್ಟಿದವನು. 'ಡೀಪ್ ಪರ್ಪಲ್' ಅನ್ನೋ ರಾಕ್ ತಂಡದ ಗಿಟಾರಿನವನು. 'ಸ್ಮೋಕ್ ಆನ್ ದ ವಾಟರ್' ಅಂತ ಒಂದು ಹಾಡಿದೆ, 1972ರದ್ದು. ಸ್ವಿಟ್ಜರ್ಲೆಂಡಲ್ಲಿ ಕೆರೆ ದಂಡೇಲಿದ್ದ ಒಂದು ಜೂಜಿನ ಮನೆಗೆ ಬೆಂಕಿ ಬಿದ್ದು, ಹೊಗೆ ನೀರಿನ ಮೇಲೆ ಹಬ್ಬಿದ್ದನ್ನ ಕಣ್ಣಾರೆ ಕಂಡು ಕಟ್ಟಿದ ಹಾಡು. ಅದರ ಶುರುವಿನ ನಾಕು ಏಟಿನ ಗಿಟಾರು ಇದೆಯಲ್ಲ, ಪ್ರಪಂಚದಲ್ಲಿ ಯಾರು ಹೊಸದಾಗಿ ಗಿಟಾರು ಹಿಡಿದ್ರೂ ಮೊದಲು ಅದನ್ನೇ ಕುಟ್ಟೋದಂತೆ. ಅಂದ್ರೆ ಆಳು ಸಾಮಾನ್ಯದವನಲ್ಲ.

ಅಂಥವನು 1993ರ ನವೆಂಬರಿನಲ್ಲಿ ಊರೂರು ಕಚೇರಿ ನಡೀತಾ ಇರೋವಾಗಲೇ ಡೀಪ್ ಪರ್ಪಲ್ ಬಿಟ್ಟು ಹೊರಟ. ಆಮೇಲೆ ತನ್ನದೇ ಹಳೇ ತಂಡ 'ರೇನ್‌ಬೋ' ಹೆಸರಲ್ಲಿ ಒಂದು ಆಲ್ಬಮ್ ಮಾಡಿದ. 1997ಕ್ಕೆ ಜೋರು ಗಿಟಾರು ಪಕ್ಕಕ್ಕಿಟ್ಟು, ಮರದ ಗಿಟಾರು, ಮ್ಯಾಂಡೊಲಿನ್ ಹಿಡಿದು, ಯುರೋಪಿನ ನಾನೂರು ಐನೂರು ವರ್ಷದ ಹಿಂದಿನ ಧಾಟಿಯಲ್ಲಿ ಹಾಡು ಮಾಡಿದ. ಹಾಡಿದವಳು ಕ್ಯಾಂಡಿಸ್ ನೈಟ್, ಅಮೆರಿಕದ ನ್ಯೂಯಾರ್ಕ್ ಕಡೆಯವಳು. ಆಮೇಲೆ 2008ರಲ್ಲಿ ಇಬ್ಬರೂ ಮದುವೆ ಆದ್ರು. ಆಲ್ಬಮ್ ಬಂದಾಗ ಬ್ಲ್ಯಾಕ್‌ಮೋರ್‌ಗೆ 52 ವರ್ಷ. ಈ ಲೆಕ್ಕ ನನಗೆ ತಟ್ಟನೆ ನಾಟಿತು. ನನಗೆ ಈಗ 54.

ರೆನೆಸಾನ್ಸ್ ಕಾಲ ಅಂದ್ರೆ ಯಾವುದು ಅಂತ ಕೇಳಬಹುದು. ಈ ಆಲ್ಬಮ್ಮಿನ 'ದ ಕ್ಲಾಕ್ ಟಿಕ್ಸ್ ಆನ್', 'ರೆನೆಸಾನ್ಸ್ ಫೇರ್' ಹಾಡುಗಳ ಧಾಟಿ ಟೀಲ್ಮನ್ ಸುಸಾಟೊ ಅನ್ನೋನದ್ದು. ಅವನು ಆಂಟ್‌ವರ್ಪ್ ಪಟ್ಟಣದಲ್ಲಿ ಸಂಗೀತದ ಪುಸ್ತಕ ಅಚ್ಚು ಹಾಕ್ತಿದ್ದವನು. 1551ರಲ್ಲಿ ಕುಣಿತದ ಧಾಟಿಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ತಂದ. ನಮ್ಮ ಕಡೆ ಅದು ವಿಜಯನಗರದ ಕಾಲ, ಪುರಂದರದಾಸರು ಇನ್ನೂ ಬದುಕಿದ್ದ ಕಾಲ. ಅಲ್ಲಿ ಜನ ಸುಗ್ಗೀಲಿ, ಮದುವೇಲಿ ಕೈ ಕೈ ಹಿಡಿದು ಸುತ್ತು ಕುಣೀತಿದ್ದ ಧಾಟಿ ಇವು. ಕೇಳಿದ್ರೆ ಕಾಲು ತಾನೇ ಆಡುತ್ತೆ. ಭಾಷೆ ಬರಬೇಕಾಗಿಲ್ಲ.

ಈಗ ಜಗಳಕ್ಕೆ ಬರೋಣ.

ಡೀಪ್ ಪರ್ಪಲ್ ಕೇಳಿ ಬೆಳೆದವರ ಸಂಕಟ ದೊಡ್ಡದು. ಮನುಷ್ಯ ಇನ್ನೂ ಗಟ್ಟಿಮುಟ್ಟಾಗಿದಾನೆ, ಕೈ ಓಡುತ್ತೆ, ಆ ಥರ ಗಿಟಾರು ನುಡಿಸೋಕೆ ಪ್ರಪಂಚದಲ್ಲಿ ಇನ್ನೊಬ್ಬನಿಲ್ಲ, ಅಂಥವನು ಬಿಗಿ ಚಲ್ಲಣ, ಗರಿ ಟೋಪಿ ಹಾಕ್ಕೊಂಡು ಕಾಡಿನ ದೀಪದ ಹಾಡು ನುಡಿಸ್ತಾ ಕೂತಿದಾನೆ, ಇದು ಅನ್ಯಾಯ ಅಂತ ಅವರ ವಾದ. ಆ ಹುಡುಗಿ ದನಿ ಸಿಹಿ, ಆದ್ರೆ ತೀರಾ ಮೆತ್ತಗೆ, ಮೊದಲು ಇವನ ಜೊತೆ ಹಾಡ್ತಿದ್ದ ಗಂಡಸರ ಗಂಟಲು ಎಲ್ಲಿ ಇವಳದ್ದೆಲ್ಲಿ ಅಂತಾನೂ ಅಂತಾರೆ. ಕೆಲವರು ಹೆಂಗಸಿನ ಮೇಲೇ ತಪ್ಪು ಹೊರಿಸ್ತಾರೆ, ಅವಳು ಬಂದು ಇವನನ್ನ ಕೆಡಿಸಿದಳು ಅಂತ. ಈ ಮಾತು ನಮ್ಮೂರಲ್ಲೂ ಕೇಳಿ ಗೊತ್ತಲ್ಲ. ಗಂಡಸು ಏನು ಹೊಸದು ಮಾಡಿದ್ರೂ ಹೆಂಡತಿ ಕಿವಿ ಊದಿದಳು ಅನ್ನೋದು.

ಅದು ಸುಳ್ಳು ಅನ್ನೋಕೆ ಸಾಕ್ಷಿ ಇದೆ. 1975ರಲ್ಲಿ ಇದೇ ಮನುಷ್ಯ ರೇನ್‌ಬೋ ತಂಡದ ಮೊದಲ ಆಲ್ಬಮ್ಮಿನಲ್ಲೇ 'ಸಿಕ್ಸ್‌ಟೀಂತ್ ಸೆಂಚುರಿ ಗ್ರೀನ್‌ಸ್ಲೀವ್ಸ್' ಅಂತ ಹಾಡು ಮಾಡಿದಾನೆ. ಆಗ ಕ್ಯಾಂಡಿಸ್ ನೈಟ್‌ಗೆ ನಾಕು ವರ್ಷ. ಡೇವಿಡ್ ಮನ್ರೋ ಅಂತ ಒಬ್ಬರು ಇಂಗ್ಲೆಂಡಲ್ಲಿ ಹಳೇ ವಾದ್ಯಗಳನ್ನೆಲ್ಲ ಹುಡುಕಿ ನುಡಿಸಿ ರೆಕಾರ್ಡು ಮಾಡ್ತಿದ್ರು. ಬ್ಲ್ಯಾಕ್‌ಮೋರ್ ಎಪ್ಪತ್ತರ ದಶಕದಿಂದಲೇ ಅವುಗಳ ಭಕ್ತ. ಅಂದ್ರೆ ಬೀಜ ಇಪ್ಪತ್ತು ವರ್ಷ ಗುಡಾಣದಲ್ಲಿ ಇತ್ತು. ಹದ ಬಂದಾಗ ಬಿತ್ತಿದ ಅಷ್ಟೆ.

ಇನ್ನೊಂದು ಕಡೆಯವರು ಡೀಪ್ ಪರ್ಪಲ್ ಹೆಸರೂ ಕೇಳದವರು. ಹೆಂಗಸರು, ಮಕ್ಕಳು ಕಟ್ಟಿಕೊಂಡ ಸಂಸಾರಸ್ಥರು. ಜರ್ಮನಿಯಲ್ಲಿ ಹಳೇ ಕೋಟೆಗಳ ಅಂಗಳದಲ್ಲಿ ಈ ತಂಡದ ಕಚೇರಿ ನಡೆದ್ರೆ, ಕೇಳೋಕೆ ಬರೋರೂ ಆ ಕಾಲದ ನಿಲುವಂಗಿ, ಮುಸುಕು, ಟೋಪಿ ಹಾಕ್ಕೊಂಡು ಬರ್ತಾರೆ. ರಾಕ್ ಅಭಿಮಾನಿಗಳಿಗೆ ಇದು ನಗೆಪಾಟಲು. ನನಗೆ ಇದರಲ್ಲಿ ನಗೋಕೇನೂ ಕಾಣಲಿಲ್ಲ. ನಾವು ಜಾತ್ರೇಲಿ ಹುಲಿವೇಷ ಹಾಕಲ್ವಾ? ಈ ಜನ ಆಲ್ಬಮ್ ಬಗ್ಗೆ ಹೇಳೋದು ಒಂದೇ: ಕಾಯಿಲೇಲಿ, ಸಾವಿನ ಮನೇಲಿ, ರಾತ್ರಿ ನಿದ್ದೆ ಬರದಾಗ ಇದು ಜೊತೆಗಿತ್ತು. ಅಂಥ ಮಾತಿಗೆ ಎದುರು ವಾದ ಎಲ್ಲಿಂದ ತರೋದು?

ಮೂರನೇ ಪಂಗಡ ಶುದ್ಧ ಹಳೇ ಸಂಗೀತದವರು. ಹುಡುಗನ ಸ್ನೇಹಿತನೊಬ್ಬ ಆ ಕಡೆ. ಇದು ಅಸಲಿ ಅಲ್ಲ, ಸುಸಾಟೊ ಧಾಟಿಗೆ ಕೀಬೋರ್ಡ್ ಹಾಸಿ ಕೂರಿಸಿದ್ರೆ ಅದು ರೆನೆಸಾನ್ಸ್ ಆಗುತ್ತಾ ಅಂತಾನೆ. ಅವನ ಮಾತಲ್ಲಿ ಸ್ವಲ್ಪ ಹುರುಳಿದೆ. 'ರೈಟಿಂಗ್ ಆನ್ ದ ವಾಲ್' ಅನ್ನೋ ಹಾಡು ಚೈಕೋವ್‌ಸ್ಕಿಯ 'ಸ್ವಾನ್ ಲೇಕ್' ಧಾಟಿಯಿಂದ ಶುರು ಆಗುತ್ತೆ. ಅದು ರಷ್ಯಾದ್ದು, 1877ರಲ್ಲಿ ಮೊದಲು ಆಡಿದ್ದು. ಅಲ್ಲಿಂದ ಸೀದಾ ಡಿಸ್ಕೋ ಥರ ಕುಣಿತಕ್ಕೆ ಹಾರುತ್ತೆ. ನನಗೂ ಅದು ಹಿಡಿಸಲಿಲ್ಲ. ಅವರೆಕಾಳು ಸಾರಿಗೆ ಸಕ್ಕರೆ ಹಾಕಿದಂಗೆ. ಕಡೇ ಹಾಡು 'ವಿಶ್ ಯು ವರ್ ಹಿಯರ್' ಕೂಡ ಸ್ವೀಡನ್ನಿನ ರೆಡ್‌ನೆಕ್ಸ್ ತಂಡದ ಹಾಡು, ಇವರು ಮಾಡೋಕೆ ಎರಡು ವರ್ಷದ ಹಿಂದಷ್ಟೇ ಬಂದಿದ್ದು. ಆದ್ರೆ ಅದನ್ನ ಕೇಳಿ ನನ್ನ ಕಣ್ಣು ಒದ್ದೆ ಆಯ್ತು. ಶುದ್ಧ ಅಶುದ್ಧ ಅಂತ ಸೋಸಿದ್ರೆ ಅದೂ ಹೋಗ್ತಿತ್ತು.

ಆ ಹುಡುಗನಿಗೆ ಉತ್ತರ ಸುಸಾಟೊ ಪುಸ್ತಕದಲ್ಲೇ ಇದೆ. ಈ ಧಾಟಿಗಳನ್ನ ಎಲ್ಲ ಥರದ ವಾದ್ಯದಲ್ಲೂ ನುಡಿಸಬಹುದು ಅಂತ ಅದರ ಮೊದಲ ಪುಟದಲ್ಲೇ ಹೇಳಿದೆಯಂತೆ. ಇದೇ ವಾದ್ಯ ಬೇಕು ಅನ್ನೋ ಕಟ್ಟಳೆ ಇಲ್ಲ. ಊರಲ್ಲಿ ಯಾವ ವಾದ್ಯ ಇದ್ಯೋ ಅದರಲ್ಲಿ ನುಡಿಸ್ತಿದ್ರು. 'ಗ್ರೀನ್‌ಸ್ಲೀವ್ಸ್' ಕೂಡ ಈ ಆಲ್ಬಮ್ಮಿನಲ್ಲಿದೆ. ಅದನ್ನ ಎಂಟನೇ ಹೆನ್ರಿ ರಾಜ ಕಟ್ಟಿದ ಅಂತ ಕತೆ ಹೇಳ್ತಾರೆ. ಆದ್ರೆ ಆ ಹೆಸರಿನ ಹಾಡು ಲಂಡನ್ನಿನಲ್ಲಿ ದಾಖಲೆ ಆಗಿದ್ದು 1580ರಲ್ಲಿ, ರಾಜ ಸತ್ತು 33 ವರ್ಷ ಆದ ಮೇಲೆ. ಬೀದಿ ಹಾಡು ಅದು. ಬಾಯಿಂದ ಬಾಯಿಗೆ ಬದಲಾಗ್ತಾನೇ ಬಂದಿದ್ದು. ಅಸಲಿ ಯಾವುದು ಅಂತ ಯಾವ ಕೈಗೆ ಗಂಟು ಹಾಕೋಣ?

ಇದನ್ನೆಲ್ಲ ಯಾಕೆ ಬರೆದೆ ಅಂದ್ರೆ, ನಮ್ಮೂರ ಭಜನೆ ತಂಡದ ವಿಚಾರ ಅಕ್ಕಪಕ್ಕದ ನಿಮಗೆಲ್ಲ ಗೊತ್ತೇ ಇದೆ. ಕಾರ್ತಿಕ ಮಾಸದಲ್ಲಿ ಹುಡುಗರು ಕೀಬೋರ್ಡು, ರಿದಂ ಪ್ಯಾಡು ತಂದು ಇಟ್ರು. ಹಿರಿಯರು ತಾಳ ಕೆಳಗಿಟ್ಟು ಎದ್ದು ಹೋದ್ರು. ನಾಕು ತಿಂಗಳಾಯ್ತು, ಒಬ್ಬರೂ ದೇವಸ್ಥಾನದ ಜಗಲಿ ಹತ್ತಿಲ್ಲ. ನಾನು ದಮ್ಮಡಿ ಬಡಿಯೋನು, ನಡುವೆ ಸಿಕ್ಕಿಕೊಂಡಿದೀನಿ. ದಾಸರ ಪದಕ್ಕೆ ಕೀಬೋರ್ಡ್ ಯಾಕೆ ಅಂತ ಹಿರಿಯರ ಪ್ರಶ್ನೆ. ಅವರು ಅಪ್ಪಿಕೊಂಡಿರೋ ಹಾರ್ಮೋನಿಯಂ ಕೂಡ ಯುರೋಪಿನದ್ದೇ, ದಾಸರ ಕಾಲಕ್ಕೆ ಹುಟ್ಟೇ ಇರಲಿಲ್ಲ. 1940ರಲ್ಲಿ ಆಕಾಶವಾಣಿಯವರು ನಮ್ಮ ಸಂಗೀತಕ್ಕೆ ಇದು ಹೊಂದಲ್ಲ ಅಂತ ಹಾರ್ಮೋನಿಯಂಗೆ ಬಾಗಿಲು ಹಾಕಿದ್ರು. ಮೂವತ್ತು ವರ್ಷ ಹಂಗೇ ಇತ್ತು. ಈಗ ಅದಿಲ್ಲದೆ ಭಜನೆ ಇಲ್ಲ.

ಹಂಗಂತ ಹುಡುಗರದ್ದೇ ಸರಿ ಅಂತಾನೂ ನಾನು ಹೇಳಲ್ಲ. ಬ್ಲ್ಯಾಕ್‌ಮೋರ್ ಜೋರು ವಾದ್ಯದಿಂದ ಮೆತ್ತನೆ ವಾದ್ಯಕ್ಕೆ ಬಂದ. ನಮ್ಮ ಹುಡುಗರು ಉಲ್ಟಾ. ಪ್ಯಾಡಿನ ಸದ್ದಿಗೆ ಪದದ ಮಾತೇ ಕೇಳಲ್ಲ. ಬ್ಲ್ಯಾಕ್‌ಮೋರ್ ಏನೇ ಸೇರಿಸಿದ್ರೂ ಧಾಟಿ ಎದ್ದು ಕಾಣುತ್ತೆ, ಹಾಡಿನ ಮಾತು ಒಂದೊಂದೂ ಕಿವಿಗೆ ಬೀಳುತ್ತೆ. 'ಪ್ಲೇ ಮಿನ್‌ಸ್ಟ್ರೆಲ್ ಪ್ಲೇ' ಹಾಡಲ್ಲಿ 'ಜೆತ್ರೊ ಟಲ್' ತಂಡದ ಇಯಾನ್ ಆಂಡರ್ಸನ್ ಬಂದು ಕೊಳಲು ನುಡಿಸಿದಾರೆ. ಅಷ್ಟು ದೊಡ್ಡ ಮನುಷ್ಯ ಬಂದ್ರೂ ಹಾಡನ್ನ ತುಳಿದಿಲ್ಲ, ಸಂದು ಸಿಕ್ಕಲ್ಲಿ ನುಡಿಸಿ ಸುಮ್ಮನಾಗ್ತಾರೆ. ನಮ್ಮ ಪ್ಯಾಡ್ ಹುಡುಗ ಇದನ್ನ ಒಂದು ಸಲ ಕೇಳಬೇಕು.

ಹಿರಿಯರ ನೋವೂ ಸುಳ್ಳಲ್ಲ. ಡೀಪ್ ಪರ್ಪಲ್ ಅಭಿಮಾನಿಗಳು ಕಳಕೊಂಡಿದ್ದು ನಿಜವಾಗಿಯೂ ದೊಡ್ಡದು. ಅಳೋ ಹಕ್ಕು ಅವರಿಗಿದೆ. ಆದ್ರೆ ಒಬ್ಬನ ಉಳಿದ ಆಯುಷ್ಯದಲ್ಲಿ ಏನು ಬಿತ್ತಬೇಕು ಅಂತ ಅಪ್ಪಣೆ ಕೊಡೋ ಹಕ್ಕು ಇಲ್ಲ. 2016ರಲ್ಲಿ ಬ್ಲ್ಯಾಕ್‌ಮೋರ್ ಅವರಿಗೋಸ್ಕರ ಒಂದು ಕೆಲಸ ಮಾಡಿದ. ರೇನ್‌ಬೋ ಹೆಸರಲ್ಲಿ ಜರ್ಮನಿಯಲ್ಲಿ ಎರಡು, ಬರ್ಮಿಂಗ್‌ಹ್ಯಾಮಲ್ಲಿ ಒಂದು, ಮೂರು ರಾಕ್ ಕಚೇರಿ ಕೊಟ್ಟ. ಆಗ ಅವನಿಗೆ 71. ಮಳೆ ಬಂದಂಗೆ ಜನ ಬಂದ್ರು. ಬಂದವರಲ್ಲೇ ಅರ್ಧ ಜನ ಕೈ ಮೊದಲಿನಂಗೆ ಓಡಲಿಲ್ಲ ಅಂತ ಗೊಣಗಿದ್ರಂತೆ! ಅವನು ಹಳೇದನ್ನ ಪೂರ್ತಿ ಬಿಟ್ಟವನೂ ಅಲ್ಲ. ಈ ತಂಡದ ಕಚೇರಿಗಳಲ್ಲೇ ಡೀಪ್ ಪರ್ಪಲ್ ಕಾಲದ 'ಸೋಲ್ಜರ್ ಆಫ್ ಫಾರ್ಚೂನ್' ನುಡಿಸ್ತಿದ್ದ.

ಈ ಅಭಿಮಾನಿಗಳಲ್ಲೇ ಪ್ರೀತಿ ಇಟ್ಟುಕೊಂಡೂ ದೂರೋ ಜನ ಇದಾರಲ್ಲ, ಅವರ ಮಾತು ನನಗೆ ಹೆಚ್ಚು ಸರಿ ಅನ್ನಿಸಿತು. 1997ರಿಂದ 2021ರ ತನಕ ಹನ್ನೊಂದು ಆಲ್ಬಮ್ ಬಂದಿವೆ. ಮೊದಲ ಎರಡು ಮೂರರಲ್ಲಿದ್ದ ಹಸಿವು ಆಮೇಲಿನವುಗಳಲ್ಲಿ ಇಲ್ಲ, ಅದೇ ಚಂದ್ರ, ಅದೇ ಕಾಡು, ಅದೇ ಜಿಪ್ಸಿ ಅಂತಾರೆ. ನಾನು ಕೇಳಿದ ಮಟ್ಟಿಗೆ ಹೌದು. ಬೆಳೆ ಬದಲಿಸಿದ ಮೊದಲ ವರ್ಷದ ಇಳುವರಿ ಅದು. ಆಮೇಲೆ ಅದೇ ಹೊಲಕ್ಕೆ ಅದನ್ನೇ ಹಾಕ್ತಾ ಹೋದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ.

ಕೇಳೋ ಮನಸ್ಸಿದ್ದೋರು ಮೊದಲು 'ದ ಕ್ಲಾಕ್ ಟಿಕ್ಸ್ ಆನ್' ಕೇಳಿ, ಆಮೇಲೆ 'ಪ್ಲೇ ಮಿನ್‌ಸ್ಟ್ರೆಲ್ ಪ್ಲೇ', ಆಮೇಲೆ 'ಗ್ರೀನ್‌ಸ್ಲೀವ್ಸ್'. ಇಯರ್‌ಫೋನ್ ಹಾಕ್ಕೊಂಡು ಕೇಳಿ, ಫೋನಿನ ಸ್ಪೀಕರಲ್ಲಿ ಮ್ಯಾಂಡೊಲಿನ್ ತಗಡು ಬಡಿದಂಗೆ ಕೇಳುತ್ತೆ. ಮುಂದಿನ ಆಲ್ಬಮ್ಮುಗಳಲ್ಲಿ ಹರ್ಡಿ-ಗರ್ಡಿ ಅಂತ ಒಂದು ವಾದ್ಯ ಬರುತ್ತೆ, ಹಿಡಿ ತಿರುಗಿಸಿದ್ರೆ ಮರದ ಚಕ್ರ ತಂತಿಗೆ ಉಜ್ಜಿ ಶ್ರುತಿ ಹಿಡಿದುಕೊಂಡೇ ಇರುತ್ತೆ. ಶಾಮ್ ಅಂತ ಇನ್ನೊಂದು, ನಮ್ಮ ಓಲಗದ ಜಾತೀದು. ಓಲಗದವರಿಗೆ ಕೇಳಿಸಿದೆ, "ಇದು ನಮ್ಮದೇ ಕಣ್ ಸ್ವಾಮಿ" ಅಂದ್ರು.

ಶನಿವಾರ ರಾತ್ರಿ ಎಂಟಕ್ಕೆ ಭಜನೆ ಇದೆ. ಪ್ಯಾಡಿನ ಸದ್ದು ಅರ್ಧಕ್ಕೆ ಇಳಿಸ್ತೀವಿ ಅಂತ ಹುಡುಗರು ಒಪ್ಪಿದಾರೆ, ಮೊದಲ ಐದು ಪದಕ್ಕೆ ಅದನ್ನ ಮುಟ್ಟೋದೇ ಇಲ್ಲ. ದೊಡ್ಡಪ್ಪನವರೇ, ಇದನ್ನ ನಿಮ್ಮ ಮೊಮ್ಮಗ ಓದಿ ಹೇಳ್ತಾನೆ ಅಂತ ಗೊತ್ತು. ಹಾರ್ಮೋನಿಯಂ ನಿಮ್ಮ ಜಾಗದಲ್ಲೇ ಇದೆ. ಯಾರೂ ಕೂತಿಲ್ಲ.